ಗೆರೆಯ ಕೆಳಗಿನ ಖರ್ಚು

ತೆಂಗಳಿಯಿಂದ ಗಾಡಿ ಮೇಲೆ ಮೈಸೂರಿಗೆ ಹೋಗಿ ದಸರಾ ನೋಡಿ ಬರಲು ಎಷ್ಟು ದುಡ್ಡು ಬೇಕು? ಇಬ್ಬರಿಗೂ ಸೇರಿ ನಾಲ್ಕು ಸಾವಿರ ಸಾಕು ಅಂದಿದ್ದ ನನ್ನ ದೋಸ್ತ. ಬಾಯಿಗೆ ಬಂದದ್ದು ಹೇಳುವವನಲ್ಲ ಅವನು. ಶಹಾಬಾದಿನ ಕಡೆ ಪರಸಿ ಕಲ್ಲಿನ ಖಣಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದ. ಇವತ್ತು ಎಷ್ಟು ಚದರಡಿ ಎದ್ದಿತು, ಯಾವ ಲಾರಿಗೆ ಎಷ್ಟು ಹೋಯಿತು, ಯಾರ ಬಾಕಿ ಎಷ್ಟು, ಎಲ್ಲ ಅವನ ನಾಲಿಗೆಯ ಮೇಲೇ ಇರುತ್ತಿತ್ತು. ಇದು 2009ರ ಮಾತು. ಪೆಟ್ರೋಲು ಆಗ ಐವತ್ತರ ಆಸುಪಾಸು, ಗಾಡಿ ಲೀಟರಿಗೆ ಅರವತ್ತು ಕೊಡುತ್ತಿತ್ತು. ಹೋಗಲು ಆರುನೂರು ಕಿಲೋಮೀಟರಿಗೂ ಮೇಲೆ, ಬರಲು ಅಷ್ಟೇ. ಪೆಟ್ರೋಲಿಗೆ ಸಾವಿರದ ಇನ್ನೂರು ಹಿಡಿದ. ಊಟ, ವಸತಿ, ಮನೆಗೆ ಮೈಸೂರು ಪಾಕು ಎಂದು ಉಳಿದದ್ದನ್ನೂ ಜೇಬಿನ ಡೈರಿಯಲ್ಲಿ ಬರೆದು, ಕೂಡಿಸಿ, ಕೆಳಗೆ ಗೆರೆ ಎಳೆದ.

ತೊಗರಿ ಕಟಗಿಯ ಬೆಂಕಿ ಮುಂದೆ ಕೂತರೆ ನಮ್ಮ ಮನೆಯ ಹುಡುಗರು ಕೇಳುವುದು ಆ ಗೆರೆಯ ಕೆಳಗೆ ಬಂದ ಖರ್ಚಿನ ಕತೆಯನ್ನೇ.

ಕಲಬುರಗಿ ಹಾಯ್ದು, ಕಟ್ಟಿಸಂಗಾವಿಯಲ್ಲಿ ಭೀಮಾ ದಾಟಿ, ಜೇವರ್ಗಿಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದೆವು. ನಮ್ಮ ಕಡೆ ಅದು ಬೀದರ–ಶ್ರೀರಂಗಪಟ್ಟಣ ರಸ್ತೆ, ಈಗ 150ಎ ರಾಷ್ಟ್ರೀಯ ಹೆದ್ದಾರಿ. ಶಹಾಪುರ, ಸುರಪುರ, ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ, ಹಿರಿಯೂರು ಎಂದು ಒಂದೇ ದಾರಿ ನಿಮ್ಮನ್ನು ಶ್ರೀರಂಗಪಟ್ಟಣದ ತನಕ ಒಯ್ದು ಬಿಡುತ್ತದೆ. ಭೀಮಾ, ಕೃಷ್ಣಾ, ತುಂಗಭದ್ರಾ ಮೂರೂ ಹೊಳೆಗಳನ್ನು ದಾಟಬೇಕು. ತಿಂಥಣಿಯಲ್ಲಿ ಗಾಡಿ ನಿಲ್ಲಿಸಿ ಮೌನೇಶ್ವರನಿಗೆ ಕೈ ಮುಗಿದೆವು. ಕೃಷ್ಣೆ ಆಗ ಸುಮ್ಮನಿದ್ದಳು.

ಚಳ್ಳಕೆರೆ ದಾಟಿದ ಮೇಲೆ ಚೈನು ಕಡಿಯಿತು. ಸುತ್ತ ಶೇಂಗಾ ಹೊಲ ಬಿಟ್ಟರೆ ಏನೂ ಇಲ್ಲ. ಟೆಂಪೋದವನೊಬ್ಬ ನೂರು ರೂಪಾಯಿ ತಗೊಂಡು ಗಾಡಿ ಹೇರಿಕೊಂಡ. ಹಿರಿಯೂರಿನ ಮೆಕ್ಯಾನಿಕ್ ಹಲ್ಲು ಸವೆದ ಸ್ಪ್ರಾಕೆಟ್ ತೋರಿಸಿ, ಬರೀ ಚೈನು ಹಾಕಿದರೆ ನಿಲ್ಲುವುದಿಲ್ಲ, ಪೂರಾ ಸೆಟ್ಟೇ ಬದಲಿಸಬೇಕು ಅಂದ. ಆರುನೂರು. ಮೈಸೂರು ಮುಟ್ಟಿದರೆ ಲಾಡ್ಜುಗಳಲ್ಲಿ ದಸರೆಯ ರೇಟು, ನಾವು ಹಿಡಿದಿದ್ದಕ್ಕೆ ದುಪ್ಪಟ್ಟು. ದೋಸ್ತ ಮಾತಾಡದೆ ಗೆರೆಯ ಕೆಳಗೆ ಬರೆದುಕೊಂಡ.

ಸೆಪ್ಟೆಂಬರ್ 28ರಂದು ವಿಜಯದಶಮಿ. ಜನರ ನಡುವೆ ತುದಿಗಾಲಲ್ಲಿ ನಿಂತು ನೋಡಿದೆವು. ಏಳುನೂರೈವತ್ತು ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತು ಬಲರಾಮ ಹೆಜ್ಜೆ ಹಾಕುತ್ತ ಬಂದಾಗ ದೋಸ್ತನ ಕಣ್ಣು ತುಂಬಿದವು. ‘ನಮ್ಮವ್ವಗ ತೋರಿಸಬೇಕಿತ್ತಲೇ’ ಅಂದ. ರಾತ್ರಿ ಅರಮನೆಯ ದೀಪ ಹತ್ತಿದಾಗ ಇಬ್ಬರೂ ಬಹಳ ಹೊತ್ತು ನೆಲದ ಮೇಲೆ ಕೂತಿದ್ದೆವು. ಆ ಒಂದು ದಿನಕ್ಕೆ ಎಷ್ಟು ಕೊಟ್ಟಿದ್ದರೂ ಕಡಿಮೆಯೇ ಎಂದು ನನಗೆ ಇವತ್ತಿಗೂ ಅನಿಸುತ್ತದೆ.

ತಿರುಗಿ ಬರುವಾಗ ಹಿರಿಯೂರಿನ ಹತ್ತಿರ ಮಳೆ ಹಿಡಿಯಿತು. ರೇನ್‌ಕೋಟು ಕೊಂಡೆವು. ಬಳ್ಳಾರಿಗೆ ಬರುವ ಹೊತ್ತಿಗೆ ರೇನ್‌ಕೋಟಿದ್ದೂ ಇಲ್ಲದಂತಾಗಿತ್ತು. ಅಕ್ಟೋಬರ್ ಒಂದರಂದು ಸಿರುಗುಪ್ಪ ತಲುಪಿದರೆ ಪೊಲೀಸರು ಕೈ ಅಡ್ಡ ಹಿಡಿದರು. ‘ಹಿಂದಕ್ಕ ಹೋಗ್ರಿ, ಹೊಳಿ ರಸ್ತೆ ಮ್ಯಾಲೆ ಐತಿ.’ ಲಾರಿಗಳು ಸಾಲಾಗಿ ನಿಂತಿದ್ದವು. ಉತ್ತರ ಕರ್ನಾಟಕ ಮರೆಯಲಾರದ ನೆರೆ ಅದು. ಮರುದಿನ ಮಂತ್ರಾಲಯಕ್ಕೇ ನೀರು ನುಗ್ಗಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು. ಮೋಡ ಬಾರದೆ ಆಕಾಶ ನೋಡುವುದು ನಮ್ಮ ಸೀಮೆಗೆ ರೂಢಿ. ಅಂಥ ಸೀಮೆಯಲ್ಲಿ ಮಣ್ಣಿನ ಗೋಡೆ, ಮಣ್ಣಿನ ಮಾಳಿಗೆ ನೆನೆದು ನೆನೆದು ಮಲಗಿದವರ ಮೇಲೇ ಕುಸಿದಿದ್ದವು.

ಮನೆಗೆ ಫೋನು ಮಾಡಲು ಕರೆನ್ಸಿ ಹಾಕಿಸಬೇಕಾಯಿತು. ಅವ್ವ ಅಳುತ್ತಿದ್ದಳು. ‘ಕಾಗಿಣಾ ಬಂದದ, ದಂಡೋತಿ ಪೂಲ್ ಮುಳುಗ್ಯಾದ. ಇದ್ದಲ್ಲೇ ಇರ್ರೆಪ್ಪಾ.’ ಕರೆಂಟು ಹೋಗಿ ಎಟಿಎಂ ಬಾಗಿಲು ಹಾಕಿತ್ತು. ದೋಸ್ತನ ಕಾರ್ಡಿನಲ್ಲಿ ದುಡ್ಡಿದ್ದರೂ ಕೈಗೆ ಬರುವಂತಿಲ್ಲ. ಈಗ ಲಡಾಖಿಗೆ ಹೊರಡುವ ಮಾತಾಡುವ ನಮ್ಮ ಹುಡುಗರು ಫೋನಿನಲ್ಲೇ ಎಲ್ಲ ದುಡ್ಡು ಇಟ್ಟುಕೊಂಡಿದ್ದಾರೆ. ಒಳಜೇಬಿನಲ್ಲಿ ಒಂದಿಷ್ಟು ನೋಟು ಮಡಚಿಟ್ಟುಕೊಳ್ಳಿರಿ ಎಂದು ನಾನು ಅವರಿಗೆ ಹೇಳುತ್ತಲೇ ಇರುತ್ತೇನೆ.

ಶಾಲೆಯೊಂದರಲ್ಲಿ ಗಂಜಿ ಕೇಂದ್ರ ತೆರೆದಿದ್ದರು. ಹೊಳೆ ದಂಡೆಯ ಹಳ್ಳಿಗಳ ಜನ ಚಾಪೆ, ಕೊಡ, ಆಡಿನ ಮರಿ ಸಮೇತ ಬಂದು ಕೂತಿದ್ದರು. ನಾವೂ ಅದೇ ಜಗಲಿಯಲ್ಲಿ ಒರಗಿದೆವು. ಹಸಿದ ಹುಡುಗರು ನಮ್ಮ ಚೀಲ ನೋಡುತ್ತಿದ್ದರು. ದೋಸ್ತ ನನ್ನನ್ನು ಕೇಳಲಿಲ್ಲ. ಎರಡೂ ಮನೆಗೆಂದು ತಂದಿದ್ದ ಮೈಸೂರು ಪಾಕಿನ ಡಬ್ಬಿ ಒಡೆದು ಹಂಚಿದ. ಆಮೇಲೆ ಹೊರಗೆ ಹೋಗಿ, ಇದ್ದ ದುಡ್ಡಲ್ಲಿ ಬ್ರೆಡ್ಡು, ಬಿಸ್ಕೀಟು, ಮೇಣದಬತ್ತಿ ತಂದ. ‘ಊರ ಮುಟ್ಟಾಕ ಎಷ್ಟು ಉಳೀತಲೇ?’ ಅಂದೆ. ‘ಮುಟ್ಟತೀವಿ ಬಿಡು’ ಅಂದ. ಪೈಸೆ ಪೈಸೆಗೆ ಲೆಕ್ಕ ಇಡುವವನು ಆ ಖರ್ಚನ್ನು ಡೈರಿಯಲ್ಲಿ ಬರೆಯಲೇ ಇಲ್ಲ.

ನೀರು ಇಳಿದು ರಸ್ತೆ ಬಿಟ್ಟಾಗ ಕೆಸರಿನಲ್ಲಿ ಎಳೆದೂ ಎಳೆದೂ ಕ್ಲಚ್ ಪ್ಲೇಟು ಸುಟ್ಟವು. ಗಾಡಿ ಗರ್ ಅನ್ನುತ್ತದೆ, ಮುಂದೆ ಹೋಗುವುದಿಲ್ಲ. ಮೆಕ್ಯಾನಿಕ್ ಒಂಬೈನೂರು ಅಂದ. ನಮ್ಮ ಹತ್ತಿರ ಇನ್ನೂರೂ ಇರಲಿಲ್ಲ. ಗಡಿಯಾರ ಇಡುವುದೋ, ಗಾಡಿ ಬಿಟ್ಟು ಹೋಗುವುದೋ ಎಂದು ನಾವು ಮಾತಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ:

‘ಯಾವೂರ್ರಿ ತಮ್ಮಾ ನಿಮ್ದು?’

‘ತೆಂಗಳಿ ರೀ.’

‘ಅಯ್ಯ, ನಮ್ಮ ಕಡ್ಯೋರೇ! ನಾ ವಾಡಿಯಂವ.’

ವಾಡಿಯಿಂದ ಸಿಮೆಂಟು ಹೇರಿಕೊಂಡು ಬಂದು, ಖಾಲಿ ಮಾಡಿ ತಿರುಗಿ ಹೊರಟು ನೆರೆಗೆ ಸಿಕ್ಕಿಕೊಂಡ ಡ್ರೈವರು. ಅವನೂ ನಮ್ಮ ಹಾಗೇ ದಿನಗಟ್ಟಲೆ ಅಲ್ಲೇ ಬಿದ್ದಿದ್ದ. ಹೆಸರು ಕೇಳುವ ಮೊದಲೇ ಲುಂಗಿಯ ಸೊಂಟದಿಂದ ನೋಟು ತೆಗೆದು ಸಾವಿರ ಎಣಿಸಿದ.

‘ಕೈಗಡ ಅಂತ ತಗೋರಿ. ವಾಡ್ಯಾಗ ಲಾರಿ ನಿಲ್ಲೋ ಕಡೆ ಯಾರಿಗಾದ್ರೂ ಕೇಳಿದ್ರ ಹೇಳ್ತಾರ.’

‘ಕಾಕಾ, ನಮ್ಮ ಗುರ್ತೇ ಇಲ್ಲ ನಿಮಗ.’

‘ತೆಂಗಳಿ ಗೊತ್ತದಲ್ಲ. ಊರು ಎಲ್ಲಿ ಓಡಿ ಹೋಗ್ತದ?’

ಅವನು ಮುಂದೆ ಲಾರಿ ಬಿಟ್ಟ, ನಾವು ಹಿಂದೆ. ರಸ್ತೆ ಕೊಚ್ಚಿ ಹೋದ ಕಡೆಗಳಲ್ಲಿ ಲಾರಿ ನಿಲ್ಲಿಸಿ, ಕೆಳಗಿಳಿದು, ನಮ್ಮ ಗಾಡಿ ದಾಟುವ ತನಕ ನಿಂತು ನೋಡುತ್ತಿದ್ದ. ಜೇವರ್ಗಿಯಲ್ಲಿ ಚಹಾ ಕುಡಿಸಿ ಬೀಳ್ಕೊಟ್ಟ. ಆ ಚಹಾದ ದುಡ್ಡನ್ನೂ ನಮಗೆ ಕೊಡಗೊಡಲಿಲ್ಲ.

ವಾಡಿಗೆ ಹೋದಾಗ ಅವನು ಲೋಡಿನ ಮೇಲೆ ಹೋಗಿದ್ದ. ಕೊನೆಗೆ ಸಿಕ್ಕಿದ್ದು ದೀಪಾವಳಿ ಕಳೆದ ಮೇಲೆ. ಸಾವಿರದ ಜೊತೆ ನಮ್ಮ ಹೊಲದ ಹೊಸ ಹೆಸರುಕಾಳಿನ ಗಂಟು ಒಯ್ದಿದ್ದೆವು. ನೋಟು ಎಣಿಸದೆ ಜೇಬಿಗಿಟ್ಟ. ಗಂಟು ಬಿಚ್ಚಿ, ಕಾಳು ಅಂಗೈಗೆ ಹಾಕಿ ನೋಡಿ, ‘ಛಲೋ ಬಂದಾವ’ ಅಂದ. ಆ ವರ್ಷ ಮಳೆಗೆ ಉಳಿದದ್ದು ಅಷ್ಟೇ ಎಂದು ಹೇಳಿದೆ. ಅರ್ಧ ತಿರುಗಿ ಕಟ್ಟಿ ಕೊಡಲು ಬಂದ, ನಾವು ತಗೊಳ್ಳಲಿಲ್ಲ.

ಡೈರಿಯ ಪ್ರಕಾರ ಒಟ್ಟು ಖರ್ಚು ಏಳು ಸಾವಿರದ ಹತ್ತಿರ ಹೋಗಿತ್ತು. ಗೆರೆಯ ಕೆಳಗಿನದರಲ್ಲಿ ಅರ್ಧ ನನ್ನದು. ತೊಗರಿ ರಾಶಿ ಆದ ಮೇಲೆ ದೋಸ್ತನಿಗೆ ಕೊಟ್ಟೆ. ಬ್ರೆಡ್ಡು, ಬಿಸ್ಕೀಟಿನದೂ ಹಿಡಿ ಅಂದರೆ, ‘ಅದು ನನ್ನ ಖಾತೆ, ನೀ ಕೈ ಹಾಕಬ್ಯಾಡ’ ಅಂದುಬಿಟ್ಟ.