ಅರುಣೋದಯದ ಒಂದು ಹಾಳೆ

ಆಕಾಶದ ಬಣ್ಣವೇನೆಂದು ಕೇಳಿದರೆ ನೀಲಿಯೆಂದು ಹೇಳದ ಬಾಲಿಕೆಯಿಲ್ಲ. ಈ ಪಾಠಶಾಲೆಯಲ್ಲಿ ನಮಗೆ ಚಿತ್ರಲೇಖನವನ್ನು ಕಲಿಸುತ್ತಿದ್ದ ಉಪಾಧ್ಯಾಯಿನಿಯವರು ಆ ಉತ್ತರವನ್ನು ಒಪ್ಪುತ್ತಿರಲಿಲ್ಲ. "ತಿಳಿದದ್ದನ್ನು ಬರೆಯಬೇಡ, ಮಗು, ಕಂಡದ್ದನ್ನು ಬರೆ" ಎನ್ನುತ್ತಿದ್ದರು. ಆ ಮಾತಿನ ಆಳವು ನನಗೆ ಗೋಚರವಾಗಲು, ಉದ್ಯೋಗದಿಂದ ನಿವೃತ್ತಳಾಗಿ ಊರ್ಡಿಗೆರೆಯಲ್ಲಿ ನೆಲೆಸುವ ಕಾಲ ಬರಬೇಕಾಯಿತು. ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕೇಳಿದಾಗ, ಕಳೆದ ೧೧ ವರ್ಷಗಳಿಂದ ಪ್ರತಿದಿನವೂ ಬಯಲಿನಲ್ಲಿ ನಿಂತು ಪ್ರಾತಃಕಾಲದ ಆಕಾಶವನ್ನು ಚಿತ್ರಿಸುತ್ತ ಬಂದಿರುವ ಅಭ್ಯಾಸದ ವಿಷಯವನ್ನೇ ಸೋದರಿಯರ ಮುಂದೆ ಇಡುವುದು ಉಚಿತವೆಂದು ತೋರಿತು.

ಊರ್ಡಿಗೆರೆಯು ತುಮಕೂರಿನ ಪೂರ್ವಕ್ಕೆ, ದೇವರಾಯನದುರ್ಗದ ನೆರೆಯಲ್ಲಿರುವ ಊರು. ಶಿಂಷಾ ಜಯಮಂಗಲಿ ನದಿಗಳ ಜನ್ಮಸ್ಥಾನವಾದ ಆ ಬೆಟ್ಟವು ಸಮುದ್ರಮಟ್ಟಕ್ಕಿಂತ ಸುಮಾರು ೩,೯೦೦ ಅಡಿ ಎತ್ತರವಾಗಿರುವುದರಿಂದ, ನಮ್ಮ ರಾಗಿಯ ಹೊಲಗಳು ಇನ್ನೂ ನಸುಗತ್ತಲಲ್ಲಿರುವಾಗಲೇ ಅದರ ಬಂಡೆಗಳಿಗೆ ಬಿಸಿಲು ತಾಗುವುದು.

ನನ್ನ ಸಾಮಗ್ರಿಯು ಅತ್ಯಲ್ಪ. ಒಂದು ಹಲಗೆ, ಅಂಗೈಯಗಲದ ಹಾಳೆ, ಎರಡು ಕುಂಚಗಳು, ಲೋಟದಲ್ಲಿ ನೀರು, ನಾಲ್ಕು ಬಣ್ಣಗಳು, ಇಷ್ಟೇ. ನಮ್ಮಲ್ಲಿ ಸೂರ್ಯನು ಜೂನ್ ತಿಂಗಳ ಮೊದಲಲ್ಲಿ ಆರಕ್ಕೆ ಸ್ವಲ್ಪ ಮುಂಚೆಯೂ, ಜನವರಿಯ ಕಡೆಯಲ್ಲಿ ಆರೂಮುಕ್ಕಾಲರ ಸುಮಾರಿಗೂ ಉದಯಿಸುತ್ತಾನೆ. ಅದಕ್ಕೆ ಅರ್ಧ ಗಂಟೆ ಮುಂಚಿತವಾಗಿ ನಾನು ಹೊಲದ ಬದುವಿನ ಮೇಲಿರುತ್ತೇನೆ. ಇಂಗ್ಲೆಂಡಿನಂತಹ ಉತ್ತರದ ದೇಶಗಳಲ್ಲಿ ಸೂರ್ಯನು ಓರೆಯಾಗಿ ಏರುವುದರಿಂದ ಅರುಣೋದಯವು ಬಹಳ ಹೊತ್ತು ನಿಲ್ಲುವುದು. ನಮ್ಮಲ್ಲಿ ನೆಟ್ಟಗೆ ಏರುವುದರಿಂದ ಬೇಗನೆ ಕಳೆದುಹೋಗುವುದು. ಆದಕಾರಣ ಒಂದು ಹಾಳೆಗೆ ಕಾಲು ಗಂಟೆಗಿಂತ ಹೆಚ್ಚು ಸಮಯವಿಲ್ಲ. ಹಾಳೆಯನ್ನು ನೆನೆಸಿ, ಕೆಳಗೆ ತೆಳುವಾದ ಹಳದಿ, ಅದರ ಮೇಲೆ ಗುಲಾಬಿ, ಅದಕ್ಕೂ ಮೇಲೆ ನೀಲಿಯನ್ನು ಹರಿಯಬಿಡಬೇಕು. ಪುಷ್ಯಮಾಸದ ಮಂಜಿನಲ್ಲಿ ಹಾಳೆಯು ಒಣಗುವುದೇ ಇಲ್ಲ. ಚೈತ್ರದಲ್ಲಿ ಕುಂಚವನ್ನು ಎತ್ತುವ ಮೊದಲೇ ಒಣಗಿರುತ್ತದೆ. ಎರಡಕ್ಕೂ ಕೈಯನ್ನು ಹೊಂದಿಸಿಕೊಳ್ಳುವುದೇ ಅರ್ಧ ವಿದ್ಯೆ.

ಹೀಗೆ ದಿನವೂ ನಿಂತವರಿಗೆ, ಪುಸ್ತಕದಲ್ಲಿ ಓದಿ ಮರೆತಿದ್ದ ಸಂಗತಿಗಳು ಪ್ರತ್ಯಕ್ಷವಾಗುತ್ತವೆ. ಸೂರ್ಯನು ಪೂರ್ವದಲ್ಲಿ ಹುಟ್ಟುತ್ತಾನೆಂದು ಕಲಿತಿದ್ದೆವು. ಅವನು ವರ್ಷದಲ್ಲಿ ಎರಡೇ ಬಾರಿ ನೇರ ಪೂರ್ವದಲ್ಲಿ ಹುಟ್ಟಿ, ಉಳಿದ ದಿನಗಳಲ್ಲಿ ಅತ್ತಿತ್ತ ಸುಮಾರು ೨೪ ಅಂಶಗಳವರೆಗೆ ಸರಿಯುವುದನ್ನು ನನ್ನ ಹಾಳೆಗಳಲ್ಲಿ ತೆಂಗಿನ ಮರಗಳ ಗುರುತಿನಿಂದ ಎಣಿಸಬಹುದು. ಉದಯಕ್ಕೆ ಮುಂಚೆ ಬೆನ್ನ ಹಿಂದೆ ತಿರುಗಿ ನೋಡಿದರೆ, ಪಶ್ಚಿಮದ ಅಂಚಿನಲ್ಲಿ ಬೂದುನೀಲಿಯ ಪಟ್ಟಿಯೊಂದೂ ಅದರ ಮೇಲೆ ಗುಲಾಬಿಯ ಪಟ್ಟಿಯೊಂದೂ ಕಾಣುವುವು. ಆ ಬೂದುನೀಲಿಯು ನಾವು ನಿಂತಿರುವ ಭೂಮಿಯ ನೆರಳೇ ಆಗಿದೆ. ಸೂರ್ಯನು ಏರುತ್ತಿರುವಂತೆ ಅದು ಇಳಿದು ಮರೆಯಾಗುವುದು. ನಡುನೆತ್ತಿಯ ನೀಲಿಯೂ ಹಗಲಿನ ನೀಲಿಯಂಥದಲ್ಲ. ಹಗಲಿನದು ಗಾಳಿಯ ಅಣುಗಳು ಬೆಳಕನ್ನು ಚದರಿಸುವುದರಿಂದ ಆಗುವಂಥದು. ಅರುಣೋದಯದ ನೀಲಿಯಾದರೋ ಬಹುಪಾಲು ಮೇಲಿನ ಓಜೋನ್ ಅನಿಲವು ಹಳದಿ ಕಿತ್ತಳೆಯ ಬೆಳಕನ್ನು ಹೀರಿಕೊಳ್ಳುವುದರಿಂದ ಆಗುವುದೆಂದು ೧೯೫೩ರಲ್ಲಿ ಹಲ್ಬರ್ಟ್ ಎಂಬ ಅಮೆರಿಕದ ವಿಜ್ಞಾನಿಯು ತೋರಿಸಿಕೊಟ್ಟನು.

ಈ ದಾರಿಯಲ್ಲಿ ಹಿರಿಯರು ನಡೆದಿದ್ದಾರೆ. ಇಂಗ್ಲೆಂಡಿನ ಕಾನ್‌ಸ್ಟೆಬಲ್ ಎಂಬ ಚಿತ್ರಕಾರನು ೧೮೨೧-೨೨ರಲ್ಲಿ ಹ್ಯಾಂಪ್‌ಸ್ಟೆಡ್ ಎಂಬಲ್ಲಿ ಮೋಡಗಳನ್ನೇ ಚಿತ್ರಿಸುತ್ತ, ಅನೇಕ ಚಿತ್ರಗಳ ಹಿಂದೆ ದಿನ, ಗಂಟೆ, ಗಾಳಿಯ ದಿಕ್ಕುಗಳನ್ನು ಬರೆದಿಟ್ಟನು. ೧೮೮೩ರಲ್ಲಿ ಕ್ರಾಕಟೋವಾ ಜ್ವಾಲಾಮುಖಿಯು ಸಿಡಿದು ಅದರ ಧೂಳು ಲೋಕವನ್ನೆಲ್ಲ ಸುತ್ತಿದಾಗ, ಆಸ್ಕ್ರಾಫ್ಟ್ ಎಂಬುವನು ಥೇಮ್ಸ್ ನದಿಯ ತೀರದಲ್ಲಿ ಸಂಜೆಯಾಕಾಶದ ಐನೂರಕ್ಕೂ ಮಿಕ್ಕಿದ ಚಿತ್ರಗಳನ್ನು ಬರೆದನು. ಬಣ್ಣದ ಛಾಯಾಚಿತ್ರವು ಬಳಕೆಗೆ ಬಾರದಿದ್ದ ಆ ಕಾಲದಲ್ಲಿ ಅವುಗಳೇ ಸಾಕ್ಷಿಗಳಾಗಿ, ರಾಯಲ್ ಸೊಸೈಟಿಯ ೧೮೮೮ರ ವರದಿಯಲ್ಲಿ ಸೇರಿದುವು. ನಮ್ಮವರೇ ಆದ ಕೆ. ವೆಂಕಟಪ್ಪನವರು ಉದಕಮಂಡಲ ಕೊಡೈಕನಾಲುಗಳಲ್ಲಿ ಬೆಳಕು ಮೋಡಗಳನ್ನು ಜಲವರ್ಣದಲ್ಲಿ ಹಿಡಿದರು. ನಮ್ಮ ಸೂರ್ಯನು ಹುಟ್ಟುವ ಕಡೆಗಿರುವ ದೊಡ್ಡಬಳ್ಳಾಪುರದಲ್ಲಿ ೧೯೧೦ರಲ್ಲಿ ಜನಿಸಿದ ರುಮಾಲೆ ಚನ್ನಬಸವಯ್ಯನವರು, ಸ್ವಾತಂತ್ರ್ಯದ ಹೋರಾಟಕ್ಕಾಗಿ ಕುಂಚವನ್ನು ಕೆಳಗಿಟ್ಟು, ಬಹುಕಾಲದ ಮೇಲೆ ಮತ್ತೆ ಕೈಗೆತ್ತಿಕೊಂಡು, ೧೯೮೮ರಲ್ಲಿ ತೀರಿಕೊಳ್ಳುವವರೆಗೂ ಬಯಲಿನಲ್ಲಿಯೇ ನಿಂತು ಮರಗಿಡಗಳನ್ನು ಚಿತ್ರಿಸಿದರು.

ಕಾನ್‌ಸ್ಟೆಬಲನಂತೆಯೇ ನಾನೂ ಪ್ರತಿ ಹಾಳೆಯ ಹಿಂದೆ ದಿನವನ್ನೂ ಗಂಟೆಯನ್ನೂ ಬರೆದಿಡುವ ರೂಢಿಯನ್ನು ಇಟ್ಟುಕೊಂಡೆನು. ಅದರ ಪ್ರಯೋಜನವು ನಾನು ಎಣಿಸದ ರೀತಿಯಲ್ಲಿ ಒದಗಿತು. ರಜೆಗೆ ಬಂದಿದ್ದ ಮೊಮ್ಮಗಳು ಒಂದು ಮಧ್ಯಾಹ್ನ ಹಾಳೆಗಳನ್ನೆಲ್ಲ ವರ್ಷಾನುಕ್ರಮದಲ್ಲಿ ನೆಲದ ಮೇಲೆ ಹರಡಿ, "ಅಜ್ಜಿ, ಈಚೆಗೆ ನಿಮ್ಮ ಆಕಾಶದಲ್ಲಿ ನೀಲಿಯೇ ಇಲ್ಲವಲ್ಲ?" ಎಂದಳು. ನೋಡಿದರೆ ಹೌದು, ಮೂರು ವರ್ಷಗಳಿಂದೀಚೆಗೆ ನೆತ್ತಿಯ ನೀಲಿಯು ಬೂದಿಯಾಗಿ, ಬೂದಿಯು ಕಂದಾಗಿ, ಕಡೆಯ ಹಾಳೆಗಳು ಟೀ ಚೆಲ್ಲಿದಂತೆ ಇದ್ದುವು. ಆಕಾಶವು ಬದಲಾಗಿರಲಿಲ್ಲ. ವೈದ್ಯರು ಪರೀಕ್ಷಿಸಿ, ಎರಡು ಕಣ್ಣುಗಳಿಗೂ ಪೊರೆ ಬೆಳೆದಿದೆ ಎಂದರು. ಪೊರೆಗಟ್ಟಿದ ಮಸೂರವು ಹಳದಿಗಂದಾಗಿ ನೀಲಿ ಬೆಳಕನ್ನು ತಡೆಯುವುದಂತೆ. ಅದು ಮೆಲ್ಲಮೆಲ್ಲನೆ ಬರುವುದರಿಂದ ನೋಡುವವರಿಗೆ ನಷ್ಟದ ಅರಿವೇ ಆಗುವುದಿಲ್ಲವಂತೆ. ಫ್ರಾನ್ಸಿನ ಮೋನೆ ಎಂಬ ಮಹಾಚಿತ್ರಕಾರನಿಗೂ ಇದೇ ಆಗಿ, ೧೯೨೩ರಲ್ಲಿ ಶಸ್ತ್ರಚಿಕಿತ್ಸೆ ನಡೆದಿತ್ತು.

ಆ ದಿನಗಳಲ್ಲಿ ನನ್ನನ್ನು ಆವರಿಸಿದ ಭಯವನ್ನು ಹೇಳಲಾರೆ. ಹಾಲಿನ ಕ್ಯಾನನ್ನು ಹೊತ್ತು ಡೈರಿಗೆ ಹೋಗುವಾಗ ದಿನವೂ ನನ್ನ ಬಳಿ ಒಂದು ಗಳಿಗೆ ನಿಲ್ಲುವ ಹೆಂಗಸೊಬ್ಬಳು, ಶಸ್ತ್ರಚಿಕಿತ್ಸೆಯ ಬಳಿಕ ನಾನು ಮನೆಯೊಳಗೇ ಇರಬೇಕಾಗಿದ್ದಾಗ ಬಾಗಿಲಿಗೆ ಬಂದು, "ಇವತ್ತು ಹಳದಿಗೂ ನೀಲಿಗೂ ಮಧ್ಯ ಒಂದ್ ಗಳಿಗೆ ಹಸ್ರಾಗಿತ್ತು ಕಣಮ್ಮ" ಎಂದು ವರದಿ ಮಾಡುತ್ತಿದ್ದಳು. ಕುಂಚವನ್ನು ಎಂದೂ ಹಿಡಿಯದ ಆಕೆಯ ಕಣ್ಣು ಆ ತೆಳುಹಸಿರನ್ನು ಗುರುತಿಸಿತ್ತು. ಕಟ್ಟು ಬಿಚ್ಚಿದ ಕೆಲವು ದಿನಗಳ ಮೇಲೆ ಬದುವಿಗೆ ಹೋಗಿ ನಿಂತಾಗ ನೆತ್ತಿಯಲ್ಲಿ ಕಂಡ ನೀಲಿಗೆ ನನ್ನ ಡಬ್ಬಿಯಲ್ಲಿ ಸಮನಾದ ಬಣ್ಣವಿರಲಿಲ್ಲ. ಆ ದಿನದ ಹಾಳೆಯನ್ನು ಆಕೆಗೇ ಕೊಟ್ಟೆನು.

ಈ ಅಭ್ಯಾಸದಿಂದ ನಾನೇನೂ ಚಿತ್ರಕಲಾವಿದೆಯಾಗಲಿಲ್ಲ. ನನ್ನ ಹಾಳೆಗಳನ್ನು ಯಾರೂ ಕೊಳ್ಳಲಾರರು. ಆದರೆ ದಿನವೂ ಪ್ರಾಮಾಣಿಕವಾಗಿ ದಾಖಲೆಯಿಟ್ಟರೆ, ಅದು ಆಕಾಶದ ವಿಷಯವನ್ನು ತಿಳಿಸುವಂತೆಯೇ ನೋಡುವವಳ ವಿಷಯವನ್ನೂ ತಿಳಿಸುವುದು. ತನ್ನಲ್ಲಿ ತನಗೇ ಕಾಣದಂತೆ ಕ್ಷೀಣಿಸುತ್ತಿರುವುದನ್ನು ಎತ್ತಿ ತೋರಿಸುವುದು. ಕಣ್ಣಿಗೆ ಹೇಗೋ ಮನಸ್ಸಿಗೂ ಹಾಗೆಯೇ ಎಂದು ನನ್ನ ನಂಬಿಕೆ.

ತಂದೆತಾಯಿಗಳಲ್ಲಿ ಒಂದು ವಿಜ್ಞಾಪನೆಯಿದೆ. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳ ಪ್ರಾತಃಕಾಲವು ಅಂಗಳ, ನೀರು, ಒಲೆ, ಪಾಠಗಳಲ್ಲಿಯೇ ಸಂದುಹೋಗುತ್ತದೆ. ಬೆಳಗಿನ ಹೊತ್ತು ಸುಮ್ಮನೆ ನಿಂತು ಮೇಲೆ ನೋಡುವ ಹುಡುಗಿಯನ್ನು ಸೋಮಾರಿಯೆನ್ನುವುದು ವಾಡಿಕೆ. ಅವಳಿಗೆ ನಾಲ್ಕು ಬಣ್ಣಗಳನ್ನೂ ಒಂದು ಹಿಡಿ ಹಾಳೆಗಳನ್ನೂ ಕೊಡಿಸಿ, ಆ ಕಾಲು ಗಂಟೆಯನ್ನು ಅವಳಿಗೆಂದೇ ಬಿಟ್ಟುಕೊಡಿರಿ. ಹಾಳೆಯ ಹಿಂದೆ ದಿನವನ್ನು ಬರೆಯುವುದನ್ನು ಮಾತ್ರ ಮರೆಯದಂತೆ ಹೇಳಿರಿ.