ಬೆಸೆಲ್ ಅಳೆದ ಓಲಾಟ

1837ರ ಆಗಸ್ಟ್. ಪ್ರಷ್ಯಾದ ಕ್ಯೋನಿಗ್ಸ್‌ಬರ್ಗ್ ವೀಕ್ಷಣಾಲಯ. ಚಾವಣಿಯ ಕಿಂಡಿ ತೆರೆದಿದೆ, ರಾಜಹಂಸ ನಕ್ಷತ್ರಪುಂಜ ನೆತ್ತಿಯ ಹತ್ತಿರಕ್ಕೆ ಬಂದಿದೆ. ಹೀಲಿಯೋಮೀಟರಿಗೆ ಕಣ್ಣಿಟ್ಟು ಕೂತವರು ಫ್ರೆಡ್ರಿಕ್ ಬೆಸೆಲ್. ಹುಡುಗನಾಗಿದ್ದಾಗ ಬ್ರೆಮೆನ್‌ನ ವ್ಯಾಪಾರಿ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದವರು, ಈಗ 53ರ ಪ್ರಾಯ.

ಅವರು ಸರಿದಾಗ ನೀವು ಕಣ್ಣಿಡಿ. ಮಂಕಾದ ಜೋಡಿ ಚುಕ್ಕೆ: 61 ಸಿಗ್ನಿ. ಅದಕ್ಕಿಂತ ಮಂಕಾದ ಇನ್ನೊಂದು ನಕ್ಷತ್ರ ದೂರದಲ್ಲಿದೆ. ಫ್ರೌನ್‌ಹೋಫರ್ ರೂಪಿಸಿದ ಈ ಉಪಕರಣದ ಮಸೂರವನ್ನು ನಟ್ಟನಡುವೆ ಸೀಳಲಾಗಿದೆ. ಪ್ರತಿ ಹೋಳೂ ತನ್ನದೇ ಬಿಂಬ ಕೊಡುತ್ತದೆ. ತಿರುಪು ತಿರುಗಿಸಿ. ಒಂದು ಹೋಳು ಜಾರುತ್ತದೆ, ಆ ಮಂಕು ನಕ್ಷತ್ರ ತೆವಳುತ್ತ ಬಂದು ಜೋಡಿಯ ನಡುವೆ ನಿಲ್ಲುತ್ತದೆ. ಸಾಕು, ಕೈ ಬಿಡಿ. ತಿರುಪಿನ ಅಂಕಿ ಓದಿ, ಬರೆದುಕೊಳ್ಳಿ. ಮತ್ತೆ ಮೊದಲಿಂದ. ಬೆಸೆಲ್ ಒಂದು ರಾತ್ರಿಗೆ ಸಾಮಾನ್ಯವಾಗಿ 16 ಸಲ ಹೀಗೆ ಅಳೆಯುತ್ತಾರೆ.

ನಕ್ಷತ್ರದ ದೂರ ಅಳೆಯಲು ಉಜ್ವಲವಾದ ಅಭಿಜಿತ್ ನಕ್ಷತ್ರ ಇರುವಾಗ ಈ ಬಡ ಚುಕ್ಕೆಯೇ ಏಕೆ? ಇದು ಆಕಾಶದಲ್ಲಿ ವರ್ಷಕ್ಕೆ 5 ವಿಕಲೆಗಿಂತ (ಆರ್ಕ್‌ಸೆಕೆಂಡ್) ಹೆಚ್ಚು ಸರಿಯುತ್ತದೆ. ಅಷ್ಟು ಬೇಗ ಓಡುವುದು ನಮಗೆ ಹತ್ತಿರವೇ ಇರಬೇಕು. ಹೊಳಪನ್ನು ನಂಬದೆ ಓಟವನ್ನು ನಂಬಿದ್ದು ಬೆಸೆಲ್‌ರ ದೊಡ್ಡತನ ಎಂದೇ ನನ್ನ ಭಾವನೆ.

ಚಳಿಗಾಲ ಬಂತು. ಹಂಸ ಉತ್ತರದ ದಿಗಂತದ ಕಡೆಗೆ ಇಳಿಯಿತು. ಆದರೂ ಈ ಅಕ್ಷಾಂಶದಲ್ಲಿ 61 ಸಿಗ್ನಿ ಮುಳುಗುವುದೇ ಇಲ್ಲ. ಭೂಮಿ ಈಗ ಸೂರ್ಯನ ಆಚೆ ಬದಿಯಲ್ಲಿದೆ, ಅಂದರೆ ನಿಮ್ಮ ಕಣ್ಣು ಸುಮಾರು 30 ಕೋಟಿ ಕಿಲೋಮೀಟರ್ ಪಕ್ಕಕ್ಕೆ ಬಂದಿದೆ. ಪುಸ್ತಕದ ಅಂಕಿಗಳು ಕೂದಲೆಳೆಯಷ್ಟು ಬದಲಾಗಿವೆ. ವಸಂತ, ಬೇಸಿಗೆ ಕಳೆಯುತ್ತಿದ್ದಂತೆ ಅವು ಹಳೆಯ ಜಾಗಕ್ಕೆ ಮರಳುತ್ತವೆ. ನಕ್ಷತ್ರದ ನೇರ ಓಟವನ್ನು ಲೆಕ್ಕದಲ್ಲಿ ಕಳೆದರೆ ಉಳಿಯುವುದು ಒಂದು ಓಲಾಟ, ಅದರ ಅವಧಿ ಸರಿಯಾಗಿ ಒಂದು ವರ್ಷ. ಓಲಾಡುತ್ತಿರುವುದು ನೀವು, ನಿಮ್ಮ ಕಾಲ ಕೆಳಗಿನ ಭೂಮಿ. ನಕ್ಷತ್ರಗಳು ಹೀಗೆ ಓಲಾಡುವುದಿಲ್ಲ, ಆದ್ದರಿಂದ ಭೂಮಿ ಚಲಿಸುವುದಿಲ್ಲ ಎಂದು ಕೊಪರ್ನಿಕಸ್‌ನ ವಿರೋಧಿಗಳು ವಾದಿಸಿದ್ದರು. ಅವರು ಕೇಳಿದ್ದ ಸಾಕ್ಷಿ ಇಲ್ಲಿದೆ.

ಓಲಾಟದ ಅರ್ಧ 0.3136 ವಿಕಲೆ. ಎರಡೂವರೆ ಸೆಂಟಿಮೀಟರ್ ಅಗಲದ ನಾಣ್ಯವನ್ನು 16 ಕಿಲೋಮೀಟರ್ ಆಚೆ ಇಟ್ಟರೆ ಕಾಣುವಷ್ಟು ಕೋನ.

1838ರ ಅಕ್ಟೋಬರ್ 23ರಂದು ಬೆಸೆಲ್ ಈ ಫಲಿತಾಂಶವನ್ನು ಇಂಗ್ಲಿಷ್ ಖಗೋಳಶಾಸ್ತ್ರಜ್ಞ ಜಾನ್ ಹರ್ಷೆಲ್‌ಗೆ ಪತ್ರ ಬರೆದು ತಿಳಿಸುತ್ತಾರೆ. ಆ ಕೋನದಿಂದ ಲೆಕ್ಕ ಹಾಕಿದರೆ 61 ಸಿಗ್ನಿ ಇರುವುದು ಸೂರ್ಯ–ಭೂಮಿಗಳ ಅಂತರದ 6,57,700 ಪಟ್ಟು ದೂರ, ಬೆಳಕಿಗೂ ಹತ್ತು ವರ್ಷ ಮೀರಿದ ದಾರಿ. ಇಂದಿನ ಅಳತೆ 11.4 ಜ್ಯೋತಿರ್ವರ್ಷ. ಹಾಗಾದರೆ ಆ ಮೊದಲ ಆಗಸ್ಟ್‌ನಲ್ಲಿ ನೀವು ಕಂಡ ಬೆಳಕು 1826ರ ವಸಂತದಲ್ಲಿ ಹೊರಟದ್ದು. ಫ್ರೌನ್‌ಹೋಫರ್ ಆಗಿನ್ನೂ ಬದುಕಿದ್ದರು, ಜೂನ್‌ನಲ್ಲಿ ತೀರಿಕೊಂಡರು.

ಇಂಥ ಓಲಾಟವನ್ನು ಹುಡುಕಿದವರು ಬೆಸೆಲ್ ಒಬ್ಬರೇ ಅಲ್ಲ. ಡೋರ್ಪಾಟ್‌ನಲ್ಲಿ ಖಗೋಳಶಾಸ್ತ್ರಜ್ಞ ಸ್ಟ್ರೂವ ಅಭಿಜಿತ್ ನಕ್ಷತ್ರವನ್ನು ಅಳೆದಿದ್ದರು. ದಕ್ಷಿಣ ಆಫ್ರಿಕದ ಕೇಪ್‌ನಲ್ಲಿ ಥಾಮಸ್ ಹೆಂಡರ್ಸನ್ ಇನ್ನೂ ಹತ್ತಿರದ ಆಲ್ಫಾ ಸೆಂಟಾರಿಯನ್ನು 1832–33ರಲ್ಲೇ ನೋಡಿ ಬರೆದುಕೊಂಡಿದ್ದರು. ಆದರೆ ಅವರು ಫಲಿತಾಂಶ ಪ್ರಕಟಿಸಿದ್ದು 1839ರ ಜನವರಿಯಲ್ಲಿ, ಬೆಸೆಲ್‌ರ ಪತ್ರ ಲಂಡನ್ ಮುಟ್ಟಿದ ಮೇಲೆ.