ಉಳದ ಹೊಲದಲ್ಲಿ ಊರಿದ ಕಾಳು

ನಮ್ಮ ಮನೆಯ ಪಡಸಾಲೆಯ ಜಂತಿಗೆ ತಂದೆಯವರ ಕಾಲದ ಕೂರಿಗೆಯೊಂದು ಇಂದಿಗೂ ತೂಗುತ್ತಿದೆ. ದಿಂಡು, ತಾಳು, ಬಿದಿರಿನ ಕೊಳವೆ, ಮೇಲಿನ ಬಟ್ಟಲು ಎಲ್ಲವೂ ಹಾಗೆಯೇ ಇವೆ. ಎಳೆಯುವ ಎತ್ತುಗಳು ಮಾತ್ರ ಇಲ್ಲ. ಬಿತ್ತನೆಗೆ ಮುನ್ನ ಅದಕ್ಕೆ ವಿಭೂತಿ ಹಚ್ಚಿ, ಕಾಯಿ ಒಡೆದು, ಅನಂತರ ಬಾಡಿಗೆಯ ಟ್ರ್ಯಾಕ್ಟರಿನ ದಾರಿ ಕಾಯುವುದು ನಮ್ಮ ಮನೆಯ ಪದ್ಧತಿಯಾಗಿತ್ತು.

ನಾನು ಮಾಸ್ತರಿಕೆಯಿಂದ ನಿವೃತ್ತನಾಗಿ ಹಿರೇಕೆರೂರು ತಾಲೂಕಿನ ನಮ್ಮೂರಿಗೆ ಮರಳಿದವನು. ಇರುವುದು ಎರಡು ಎಕರೆ ಮಸಾರಿ ಭೂಮಿ. ಅಕ್ಕನನ್ನು ಸವಣೂರಿನ ಎರೆಸೀಮೆಗೆ, ಮಗಳನ್ನು ಹಾನಗಲ್ಲಿನ ಭತ್ತದ ಗದ್ದೆಗಳ ಕಡೆಗೆ ಕೊಟ್ಟಿದ್ದೇವೆ. ಸೋದರಮಾವನ ಮನೆ ಶಿಗ್ಗಾಂವಿಯ ಹತ್ತಿರ. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಗೆ ಸೇರಿದ ಈ ನಾಲ್ಕೂ ತಾಲೂಕುಗಳಲ್ಲಿ ಹತ್ತಿ, ಜೋಳ, ಭತ್ತಗಳು ಬೆಳೆಯುತ್ತಿದ್ದ ಎಷ್ಟೋ ಹೊಲಗಳಿಗೆ ಈಗ ಗೋವಿನಜೋಳ ಬಂದಿದೆ. ಆದ್ದರಿಂದ ನೆಂಟರು ಕೂಡಿದಲ್ಲೆಲ್ಲ ಅದರದೇ ಮಾತು.

ಎರಡು ವರ್ಷಗಳ ಹಿಂದೆ ಮುಂಗಾರು ಹದವಾಗಿಯೇ ಬಿತ್ತು. ಆದರೆ ಊರಿಗೆಲ್ಲ ಒಂದೇ ವಾರದಲ್ಲಿ ಟ್ರ್ಯಾಕ್ಟರು ಬೇಕು. ನನ್ನ ಸರದಿ ಬರುವಷ್ಟರಲ್ಲಿ ಹನ್ನೆರಡು ದಿನ ಕಳೆದು ಹಸಿ ಆರಿತ್ತು. ತಡವಾಗಿ ಎದ್ದ ಪೈರಿನ ಸುಳಿಯನ್ನು ಸೈನಿಕ ಹುಳು ಹೊಕ್ಕಿತು. 2018ರಲ್ಲಿ ಶಿವಮೊಗ್ಗದ ಕಡೆ ನಮ್ಮ ದೇಶದಲ್ಲಿ ಮೊದಲಿಗೆ ಕಾಣಿಸಿಕೊಂಡ ಆ ಹುಳು ಎಳೆಯ ಪೈರನ್ನು ಬಹಳ ಬಯಸುತ್ತದೆ. ಆ ವರ್ಷ ಉಳುಮೆಯ ಸಾಲ ತೀರಿಸಲು ಮನೆಯವಳ ಬಳೆ ಬ್ಯಾಂಕಿಗೆ ಹೋಯಿತು. ಹೊಲವನ್ನು ಲಾವಣಿಗೆ ಕೊಟ್ಟುಬಿಡೋಣವೆಂದು ನಾನು ನಿಶ್ಚಯಿಸಿದ್ದೆ.

ಆಗ ಅಳಿಯಂದಿರು ಕೈಯಿಂದ ಕಾಳು ಊರುವ ಯಂತ್ರವೊಂದನ್ನು ತಂದರು. ಎರಡು ಕಾಲುಗಳು, ತುದಿಯಲ್ಲಿ ಹಕ್ಕಿಯ ಕೊಕ್ಕಿನಂಥ ಕಬ್ಬಿಣ, ಬದಿಗೆ ಬೀಜದ ಡಬ್ಬಿ. ನಿಂತಲ್ಲಿಂದಲೇ ನೆಲಕ್ಕೆ ಚುಚ್ಚಿ ಹಿಡಿಕೆ ಕೂಡಿಸಿದರೆ ಕೊಕ್ಕು ತೆರೆದು ಕಾಳು ಕುಣಿಗೆ ಬೀಳುತ್ತದೆ. ಬ್ರೆಜಿಲ್ ದೇಶದ ಸಣ್ಣ ರೈತರು ಇಂಥದನ್ನೇ ‘ಮತ್ರಾಕ’ ಎಂದು ಕರೆಯುತ್ತಾರೆ. ಅದೇ ದೇಶದ ಪರಾನಾ ಪ್ರಾಂತದಲ್ಲಿ 1972ರಲ್ಲಿ ಹರ್ಬರ್ಟ್ ಬಾರ್ಟ್ಸ್ ಎಂಬ ಒಕ್ಕಲಿಗ, ಮಳೆಗೆ ಮಣ್ಣು ಕೊಚ್ಚಿಹೋಗುವುದನ್ನು ತಾಳಲಾರದೆ ಉಳುಮೆಯನ್ನೇ ಬಿಟ್ಟನಂತೆ. ನಮ್ಮ ನೆರೆಯ ಆಂಧ್ರದ ಗುಂಟೂರು ಕಡೆಯೂ ಭತ್ತ ಕೊಯ್ದ ಗದ್ದೆಯಲ್ಲಿ, ಉಳಿದ ಹಸಿಗೇ ಉಳದೆ ಗೋವಿನಜೋಳ ಊರುತ್ತಾರೆ.

ಎಂಬತ್ತು ದಾಟಿದ ನಮ್ಮಣ್ಣನವರು ಒಪ್ಪಲಿಲ್ಲ. “ತಮ್ಮಾ, ಉಳದ ನೆಲಕ್ಕೆ ಬೀಜ ಹಾಕೋದಂದ್ರ ಮಲಗಿದವನನ್ನ ಎಬ್ಬಿಸದ ಬಾಯಿಗೆ ತುತ್ತಿಟ್ಟಂಗ” ಎಂದರು. ಅವರ ಮಾತನ್ನು ಮೀರುವುದು ನನಗೂ ಕಷ್ಟವೇ. ಹತ್ತೇ ಗುಂಟೆಯಲ್ಲಿ ನೋಡುತ್ತೇನೆಂದು ಅಪ್ಪಣೆ ಪಡೆದೆ.

ಸಾಲಿನಿಂದ ಸಾಲಿಗೆ 60 ಸೆಂಟಿಮೀಟರು, ಗಿಡದಿಂದ ಗಿಡಕ್ಕೆ 20. ಹಾಗೆ ಲೆಕ್ಕ ಹಾಕಿದರೆ ಎಕರೆಗೆ 33,000ಕ್ಕೂ ಹೆಚ್ಚು ಕುಣಿ. ಹತ್ತು ಗುಂಟೆಗೆ 8,000ಕ್ಕೂ ಮೇಲೆ. ಕುರ್ಪಿ ಹಿಡಿದು ಕಾಳು ಊರುವ ನಮ್ಮ ತಾಯಂದಿರು ಅಷ್ಟು ಸಲ ಬಗ್ಗಿ ಏಳುತ್ತಿದ್ದರೆಂಬುದು ಆ ದಿನವೇ ನನಗೆ ಮನವರಿಕೆಯಾಯಿತು. ಯಂತ್ರದಿಂದ ಸೊಂಟ ಉಳಿಯಿತು. ತೋಳು ಮಾತ್ರ ಸೋತಿತು. ಮಳೆ ನಿಂತ ಮರುದಿನವೇ ಅವಸರಪಟ್ಟದ್ದು ನನ್ನ ತಪ್ಪು. ಕೊಕ್ಕಿಗೆ ಕೆಸರು ಮೆತ್ತಿ, ನಾಲ್ಕಾರು ಸಾಲುಗಳಲ್ಲಿ ಕಾಳು ಬೀಳಲೇ ಇಲ್ಲ. ವಾರದ ಮೇಲೆ ಮನೆಯವಳು ಕುರ್ಪಿ ಹಿಡಿದು ಹುಸಿಹೋದಲ್ಲೆಲ್ಲ ಮತ್ತೆ ಊರಿದಳು.

ನೆಂಟರ ಅನುಭವವನ್ನೂ ಕೇಳಿ ತಿಳಿದೆ. ಶಿಗ್ಗಾಂವಿಯ ಮಾವನವರು ತಂದದ್ದು ಸುತ್ತಲೂ ಕೊಕ್ಕುಗಳಿರುವ, ತಳ್ಳಿಕೊಂಡು ಹೋಗುವ ಚಕ್ರದ ಯಂತ್ರ. ಉತ್ತು ಹದ ಮಾಡಿದ ನೆಲದಲ್ಲಿ ಅದು ಬಲು ಚುರುಕು. ಉಳದ ನೆಲದಲ್ಲಿ ಕೂಳೆಯ ಮೇಲೆ ಹಾರಿ, ಕಾಳನ್ನು ಮೇಲೆಮೇಲೆಯೇ ಬಿಡುತ್ತದೆ. ಅಕ್ಕನ ಎರೆಹೊಲದಲ್ಲಿ ಹಸಿಯಿದ್ದರೆ ಅಂಟು, ಆರಿದರೆ ಕಲ್ಲು. ನಡುವಿನ ಎರಡು ಮೂರು ದಿನ ತಪ್ಪಿದರೆ ಕೈಯಂತ್ರಕ್ಕೆ ಕೆಲಸವಿಲ್ಲ. ಹಾನಗಲ್ಲಿನ ಗದ್ದೆಗೆ ಮಾತ್ರ ಅದು ಹೇಳಿ ಮಾಡಿಸಿದಂತಿದೆ. ಪಂತನಗರದ ಕೃಷಿ ವಿಶ್ವವಿದ್ಯಾಲಯದವರು 1990ರ ದಶಕದ ಆರಂಭದಲ್ಲಿ ಗೋದಿಗಾಗಿ ರೂಪಿಸಿದ, ನೆಲವನ್ನು ಕಿರಿದಾಗಿ ಸೀಳಿ ಬಿತ್ತುವ ಟ್ರ್ಯಾಕ್ಟರ್ ಕೂರಿಗೆ ಒಳ್ಳೆಯದೇ. ಆದರೆ ಎರಡು ಎಕರೆಯವನು ಅದನ್ನು ಕೊಳ್ಳುವಂತಿಲ್ಲ, ಬಾಡಿಗೆಗೆ ಕರೆದರೆ ಮತ್ತೆ ಸರದಿಯ ಕಾಯುವಿಕೆ. ಇನ್ನು ನಮ್ಮ ಎತ್ತಿನ ಕೂರಿಗೆ ಉತ್ತ ನೆಲದ ಬಂಧು. ಗಟ್ಟಿ ನೆಲದಲ್ಲಿ ಅದರ ತಾಳು ಇಳಿಯದು.

ಕಳೆಯ ಮಾತನ್ನು ಮುಚ್ಚಿಡಬಾರದು. ಉಳದ ಹೊಲದಲ್ಲಿ ಕರಿಕೆ, ಜೇಕು ಮೊದಲು ಏಳುತ್ತವೆ. ಕೂಳೆಯ ನಡುವೆ ಎಡೆಕುಂಟೆಯೂ ಸರಾಗವಾಗಿ ಆಡದು. ಕುಡುಗೋಲಿನಿಂದ ಸವರಿ ಅಲ್ಲಿಯೇ ಹೊದಿಸಿದೆವು. ಎರಡು ಸಲ ಆಳು ಹಚ್ಚಿ ಕೀಳಿಸಿದೆವು. ಉಳುಮೆಯಲ್ಲಿ ಉಳಿದ ಹಣದ ಅರ್ಧ ಅಲ್ಲಿಗೆ ಹೋಯಿತು. ಅರ್ಧ ಉಳಿಯಿತು. ಅದಕ್ಕಿಂತ ಮಿಗಿಲಾಗಿ, ಬಿತ್ತುವ ದಿನ ನಮ್ಮ ಕೈಯಲ್ಲಿ ಉಳಿಯಿತು.

ನಡುವೆ ಮಳೆ ಹದಿನೈದು ದಿನ ಕೈಕೊಟ್ಟಿತು. ಉತ್ತ ಹೊಲದ ಎಲೆಗಳು ಮಧ್ಯಾಹ್ನಕ್ಕೆ ಮುನ್ನವೇ ಸುರುಳಿಯಾದವು. ಹತ್ತು ಗುಂಟೆಯವು ಇನ್ನೂ ಕೆಲವು ತಾಸು ತಾಳಿದವು. ಅಣ್ಣನವರು ಕೋಲೂರಿಕೊಂಡು ಬಂದು, ಹೊದಿಕೆಯನ್ನು ಸರಿಸಿ ಮಣ್ಣನ್ನು ಬೆರಳಿನಿಂದ ಕೆದಕಿದರು. ಒಳಗೆ ತಂಪಿತ್ತು, ಎರೆಹುಳು ಇತ್ತು. ಬಹಳ ಹೊತ್ತಿನ ಮೇಲೆ, “ಮಲಗಿಲ್ಲ ಬಿಡು, ಎಚ್ಚರ ಐತಿ” ಎಂದರು. ಲಾವಣಿಯ ಮಾತನ್ನು ನಾನು ಮತ್ತೆ ಎತ್ತಲಿಲ್ಲ.

ಸುಗ್ಗಿಯಲ್ಲಿ ಎರಡೂ ಕಡೆಯ ಫಸಲಿನಲ್ಲಿ ಹೇಳುವಂಥ ಅಂತರ ಕಾಣಲಿಲ್ಲ. ಈಗ ಓಣಿಯ ನಾಲ್ಕು ಮನೆಗಳು ಕೂಡಿ ಇನ್ನೊಂದು ಕೈಯಂತ್ರ ಕೊಂಡಿದ್ದೇವೆ. ಯಾರ ಹೊಲ ಮೊದಲು ಹದಕ್ಕೆ ಬರುವುದೋ ಅವರಿಗೆ ಮೊದಲು. ಕಾಯಕ ಒಬ್ಬರದಾದರೂ ಸಲಕರಣೆ ಎಲ್ಲರದಾಗಬಹುದು. ಓದುಗ ಬಂಧುಗಳು ಇಡೀ ಹೊಲವನ್ನು ಒಮ್ಮೆಲೇ ಪಣಕ್ಕಿಡದೆ, ತಮ್ಮ ಮಣ್ಣಿನ ಗುಣವನ್ನರಿತು ಹತ್ತು ಗುಂಟೆಯಿಂದ ಆರಂಭಿಸಲಿ ಎಂಬುದೇ ನನ್ನ ವಿನಂತಿ. ಕೂರಿಗೆಯನ್ನು ನಾವು ಜಂತಿಯಿಂದ ಇಳಿಸಿಲ್ಲ. ಅದರ ಪಕ್ಕದಲ್ಲಿ ಹೊಸದಕ್ಕೂ ಗೂಟ ಹೊಡೆಸಿದವರು ಅಣ್ಣನವರೇ.